ಕಾಸಿಮನ ಎದೆಯ ಮೇಲೆ ಅಕ್ಕನ ಅಂಗೈ

ಯಲ್ಲಾಪುರದ ನಾಟಾ ಡಿಪೋ ಎದುರು ನಾನೂ ಅಕ್ಕನೂ ಬಸ್ಸಿಗೆ ಕಾಯುತ್ತಿದ್ದೆವು. ಲಾರಿಗೆ ಏರಿಸುತ್ತಿದ್ದ ದಿಮ್ಮಿ ಜಾರಿ, ಅದರ ತುದಿ ಹಮಾಲಿ ಕಾಸಿಮನ ಎದೆಗೆ ಬಡಿಯಿತು. ಬಿದ್ದವನು ಅಲುಗಲಿಲ್ಲ. ಅಕ್ಕ ಓಡಿಹೋಗಿ ಕೈ ಹಿಡಿದು ನೋಡಿದಳು. ಉಸಿರಿಲ್ಲ, ನಾಡಿಯಿಲ್ಲ. ಬಾಯಿಗೆ ಕೊನೆಯ ನೀರು ಬಿಡಲು ಯಾರೋ ಚೆಂಬು ತಂದರು. ಅಕ್ಕ ಚೆಂಬನ್ನು ಆಚೆ ತಳ್ಳಿ, ಮೊಣಕಾಲೂರಿ, ಎರಡೂ ಅಂಗೈಗಳಿಂದ ಅವನ ಎದೆಯನ್ನು ಒತ್ತತೊಡಗಿದಳು.

"ಸತ್ತವನನ್ನಾದ್ರೂ ಸುಮ್ನೆ ಬಿಡ್ರಿ ಅಕ್ಕಾ!" ಎಂದು ಲಾರಿ ಡ್ರೈವರ್ ಅವಳನ್ನು ಎಳೆಯಲು ಬಂದ.

ಅಕ್ಕ ತಲೆ ಎತ್ತದೆ ನನಗೆ ಹೇಳಿದಳು: "ತಂಗಿ, ಅವನ ಗದ್ದ ಎತ್ತಿ ಹಿಡ್ಕ. ಜೀವ ಇನ್ನೂ ಹೋಯ್ದಿಲ್ಲೆ."

ಪೆಟ್ಟು ಬಿದ್ದು ನಿಂತ ಹೃದಯವನ್ನು ಮತ್ತೆ ನಡೆಸುವುದು ಹೇಗೆಂದು ಅಕ್ಕ ಮುಂಬಯಿಯಲ್ಲಿ ನಾಯಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಊರವರು ಅವಳಿಗಿಟ್ಟ ಹೆಸರು 'ನಾಯಿ ಡಾಕ್ಟರು'. ಆ ಹೆಸರು ಕಿವಿಗೆ ಬಿದ್ದರೆ ಅಪ್ಪ ಪಂಕ್ತಿಯಿಂದಲೇ ಎದ್ದುಹೋಗುತ್ತಿದ್ದರು.

ಒತ್ತಿ ಒತ್ತಿ ಅಕ್ಕನ ರವಿಕೆ ಬೆವರಿನಲ್ಲಿ ತೊಯ್ದುಹೋಯಿತು. ಕೊನೆಗೆ ಕಾಸಿಮ ಗೊರಕೆಯಂಥ ಸದ್ದು ಮಾಡಿ ಉಸಿರೆಳೆದ. ಎಳೆಯಲು ಬಂದಿದ್ದ ಡ್ರೈವರ್ ಅಲ್ಲೇ ಕುಸಿದು ಕೂತು ಅತ್ತುಬಿಟ್ಟ. ಅಕ್ಕ ಒತ್ತಿದ ರಭಸಕ್ಕೆ ಕಾಸಿಮನ ಎರಡು ಪಕ್ಕೆಲುಬು ಮುರಿದಿದ್ದವು. ಮಳೆಗಾಲ ಮುಗಿಯುವಷ್ಟರಲ್ಲಿ ಅವನು ಡಿಪೋಗೆ ಮರಳಿದ.

ಮುಂದೊಂದು ಮದುವೆಯೂಟದಲ್ಲಿ ಯಾರೋ ನಗುತ್ತಾ ಅದೇ ಹೆಸರು ಎತ್ತಿದರು. ಈ ಸಲ ಅಪ್ಪ ಎದ್ದುಹೋಗಲಿಲ್ಲ. ಇಡೀ ಪಂಕ್ತಿಗೆ ಕೇಳುವಂತೆ ಹೇಳಿದರು: "ಹೌದು, ನಾಯಿ ಡಾಕ್ಟರು. ಎನ್ನ ಮಗಳು!"