ಇಪ್ಪತ್ತಮೂರನೆಯ ಸಾಲು

ದೋಣಿಕಟ್ಟೆಗೆ ಇಳಿಯುವ ಬೀದಿಯಲ್ಲಿ, ಕೊಡೆ ರಿಪೇರಿಯವನ ಪಕ್ಕದ ಗೂಡಿನಂಥ ಅಂಗಡಿಯಲ್ಲಿ ಟೈಪಕ್ಕ ಕೂರುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿ, ಅದೇ ದಿಂಬು. ಅರ್ಜಿ, ಕರಾರು, ಪಟ್ಟಿ, ಏನು ತಂದರೂ ಕಂಪ್ಯೂಟರಿನಲ್ಲಿ ಬೆರಳಾಡಿಸಿ ಕೊಡುತ್ತಾಳೆ. ಅವಳ ಟೇಬಲ್‌ಗಳನ್ನು ಕಂಡರೆ ಮಾತ್ರ ಬೀದಿಗೆಲ್ಲ ನಗು. ಪ್ರತಿ ಖಾನೆಯಲ್ಲೂ ಅಕ್ಷರಕ್ಕೂ ಗೆರೆಗೂ ನಡುವೆ ಬೆರಳಗಲ ಜಾಗ. ಒಂದು ಹಾಳೆಯಲ್ಲಿ ಮುಗಿಯುವುದು ಮೂರು ಹಾಳೆ ಹಿಡಿಯುತ್ತದೆ.

"ಅಕ್ಕಾ, ಈ ಖಾನೆಯೊಳಗೆ ಸಂಸಾರ ಹೂಡಬಹುದು," ಎಂದು ಕೊಡೆಯವನು ಕಾಲೆಳೆಯುತ್ತಾನೆ.

"ಹೂಡೋರು ಹೂಡ್ಲಿ ಬಿಡು. ಇಕ್ಕಟ್ಟಾಗೋದು ಬೇಡ."

ಮೊದಲು ಹೀಗಿರಲಿಲ್ಲ. ಇಕ್ಕಟ್ಟಿನಲ್ಲಿ ಕೂರಿಸುವುದೇ ಅವಳ ಕೈಚಳಕವಾಗಿತ್ತು. ದೋಣಿ ಮಗುಚಿದ ವರ್ಷ, ಕಚೇರಿಯ ಗುಮಾಸ್ತ ಸತ್ತವರ ಪಟ್ಟಿ ಹಿಡಿದು ಓಡಿಬಂದದ್ದೂ ಅದಕ್ಕೇ.

"ಒಂದೇ ಹಾಳೆ ಆಗ್ಬೇಕಮ್ಮ. ಕಟ್ಟೆ ಮೇಲಿರೋ ಗಾಜಿನ ಪೆಟ್ಟಿಗೆ ಹಿಡಿಸೋದು ಅಷ್ಟೇ."

ಗುಮಾಸ್ತ ಬರೆದು ತಂದದ್ದನ್ನು ಅವಳು ಬರೆದ ಹಾಗೆಯೇ ಟೈಪಿಸಿದಳು. ನಲವತ್ತೊಂದು ಸಾಲು. ಕೊನೆಯ ಮೂರು ಎರಡನೇ ಹಾಳೆಗೆ ಜಾರಿದವು. ಖಾನೆಗಳ ಒಳಗಿನ ಜಾಗವನ್ನೆಲ್ಲ ತೆಗೆದುಹಾಕಿದಳು. ಆದರೂ ಒಂದು ಸಾಲು ಹೊರಗುಳಿಯಿತು. ಕಡೆಗೆ ಎಲ್ಲ ಸಾಲಿಗೂ ಒಂದೇ ಎತ್ತರ ಬಿಗಿದಳು, ಒಂದು ಕೂದಲೆಳೆಯಷ್ಟೂ ಹಿಗ್ಗದ ಹಾಗೆ. ಪಟ್ಟಿ ಪಟ್ಟಾಗಿ ಕೂತಿತು. ಗುಮಾಸ್ತ ಭೇಷ್ ಎಂದು ಹೊತ್ತುಕೊಂಡು ಹೋದ.

ಹತ್ತು ದಿನದ ಮೇಲೆ ಒಬ್ಬ ಅಜ್ಜಿ ಆಸ್ಪತ್ರೆಯ ಹಾಸಿಗೆಯಿಂದೆದ್ದು ಕಟ್ಟೆಗೆ ಬಂದಳು. ಮಣ್ಣು ಮಾಡುವುದೆಲ್ಲ ಮುಗಿದುಹೋಗಿತ್ತು. ಗಾಜಿಗೆ ಮೂಗು ಹಚ್ಚಿ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಮಗಳ ಹೆಸರಿತ್ತು, ಮೊಮ್ಮಗಳದು ಇರಲಿಲ್ಲ. ಕಚೇರಿಗೆ ಹೋಗಿ ಕೇಳಿದರೆ ಅವರೂ ಅದೇ ಹಾಳೆ ನೋಡಿ, "ಪಟ್ಟೀಲಿ ಇಲ್ಲ ಅಂದ್ರೆ ಸತ್ತಿಲ್ಲ, ಅಜ್ಜಿ" ಎಂದರು.

ಅಜ್ಜಿ ಆ ಮಾತನ್ನೇ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಪ್ರತಿ ವರ್ಷ ಮಗುವಿನ ಹುಟ್ಟಿದ ದಿನಕ್ಕೆ ಟೈಪಕ್ಕನ ಹತ್ತಿರ ಬಂದು 'ಕಾಣೆಯಾಗಿದ್ದಾಳೆ' ಕಾಗದ ಮಾಡಿಸುವಳು. ಕಂಬ ಕಂಬಕ್ಕೂ ತಾನೇ ಅಂಟಿಸುವಳು. ವಯಸ್ಸು ಐದು. ಮರುವರ್ಷ ಆರು. ಹೀಗೇ ಹನ್ನೊಂದರವರೆಗೆ. "ಈಗ ಜಡೆ ಉದ್ದ ಆಗಿರುತ್ತೆ ಅಂತ ಸೇರಿಸು ಮಗಳೇ," ಎನ್ನುವಳು. ಟೈಪಕ್ಕ ಸೇರಿಸುವಳು.

ಎಂಟನೇ ವರ್ಷ ಕಟ್ಟೆಯಲ್ಲಿ ಸತ್ತವರ ಹೆಸರಿನ ಕಲ್ಲು ನಿಲ್ಲಿಸುವುದೆಂದು ತೀರ್ಮಾನವಾಯಿತು. ಕಲ್ಲುಕುಟಿಗ ಬಂದು, "ಅಕ್ಕಾ, ಆ ಹಳೇ ಪಟ್ಟೀನ ಸ್ವಲ್ಪ ದೊಡ್ಡ ಅಕ್ಷರದಲ್ಲಿ ಕೊಡು. ನಿನ್ನ ಇರುವೆಸಾಲು ನನ್ನ ಕಣ್ಣಿಗೆ ಹತ್ತಲ್ಲ. ಗುರುವಾರ ಉಳಿ ಹಿಡೀತೀನಿ," ಎಂದ.

ಅವನು ಹೋದ ಮೇಲೆ ಅವಳು ಕಡತ ತೆರೆದಳು. ಬಿಗಿದಿದ್ದ ಎತ್ತರ ಸಡಿಲಿಸಿದಳು. ಇಪ್ಪತ್ತಮೂರನೆಯ ಸಾಲು ಮಾತ್ರ ಉಸಿರೆಳೆದುಕೊಂಡಂತೆ ಮಿಕ್ಕವಕ್ಕಿಂತ ಉಬ್ಬಿತು. ಅಜ್ಜಿಯ ಮಗಳ ಹೆಸರಿನ ಕೆಳಗೆ, ಅದೇ ಖಾನೆಯಲ್ಲಿ, ಮೊಮ್ಮಗಳ ಹೆಸರು ಎದ್ದು ನಿಂತಿತ್ತು, ಜೊತೆಗೆ: 'ಮಗು, ತಾಯಿಯ ತೋಳಲ್ಲೇ ಸಿಕ್ಕಿದ್ದು.'

ಅವಳೇ ಟೈಪಿಸಿದ್ದು. ಟೈಪ್ ಮಾಡುವವರು ಓದುವುದಿಲ್ಲ; ಬೆರಳಿಗೆ ಬಂದದ್ದು ಬೆರಳಲ್ಲೇ ಹೋಗುತ್ತದೆ. ಗೆರೆಯಡಿಗೆ ಸಿಕ್ಕ ಹೆಸರು ಅಳಿಸಿರಲಿಲ್ಲ, ಕಾಣದಾಗಿತ್ತು ಅಷ್ಟೇ. ಎಂಟು ವರ್ಷ ಒಂದೇ ಕಂಪ್ಯೂಟರ್ ಡಬ್ಬಿಯೊಳಗೆ ಮಗುವೂ ಇತ್ತು, ಮಗುವನ್ನು ಹುಡುಕುವ ಕಾಗದಗಳೂ ಇದ್ದವು.

ಸಾಲನ್ನು ಮತ್ತೆ ಬಿಗಿದಳು. ಹೆಸರು ಮುಳುಗಿತು. ಸಡಿಲಿಸಿದಳು, ತೇಲಿತು. ಮುಳುಗಿದ ಹಾಗೇ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಅಜ್ಜಿಗೆ ಹುಡುಕುವುದೊಂದಾದರೂ ಇರುತ್ತದೆ. ಆದರೆ ಮಗುವಿಗೆ ಕಲ್ಲಿನಲ್ಲೂ ಜಾಗವಿರುವುದಿಲ್ಲ. ಎರಡು ದಿನ ಯಾರದೋ ಮನೆಸಾಮಾನಿನ ಪಟ್ಟಿ ಕಂಡರೂ ಗೆರೆಯ ಕೆಳಗೆ ಯಾರೋ ಮಲಗಿದ ಹಾಗೆ ಅನಿಸಿ, ಎಳೆದು ನೋಡುತ್ತಿದ್ದಳು.

ಗುರುವಾರ ಬೆಳಿಗ್ಗೆ ಕಲ್ಲುಕುಟಿಗನಿಗಿಂತ ಮೊದಲು ಅಜ್ಜಿಯೇ ಬಂದಳು. ಅದು ಮಗುವಿನ ಹುಟ್ಟಿದ ದಿನ. ಕೈಯಲ್ಲಿ ಹೋದ ವರ್ಷದ ಕಾಗದ.

"ಹನ್ನೆರಡು ಅಂತ ತಿದ್ದು ಮಗಳೇ. ಎತ್ತರಾನೂ ಹೆಚ್ಚಿಸು."

ಟೈಪಕ್ಕ ಪರದೆಯನ್ನು ಅಜ್ಜಿಯ ಕಡೆಗೆ ತಿರುಗಿಸಿದಳು. ಮೌಸ್ ಹಿಡಿದು ಆ ಸಾಲನ್ನು ಮೆಲ್ಲಗೆ ಕೆಳಕ್ಕೆಳೆದಳು. "ನನ್ನ ಕೈಯಿಂದಾದ ತಪ್ಪು, ಅಜ್ಜಿ. ಜಾಗ ಸಾಲದೆ ಮುಚ್ಚಿಹೋಗಿತ್ತು."

ಅಜ್ಜಿ ಅಕ್ಷರ ಕೂಡಿಸಿದಳು. ಒಂದು ಸಲ, ಮತ್ತೊಂದು ಸಲ. ಪಕ್ಕದಲ್ಲಿ ಕೊಡೆಯವನ ಸುತ್ತಿಗೆಯೂ ನಿಂತಿತ್ತು.

"ತೋಳಲ್ಲೇ ಇದ್ಲಾ?"

"ಹೂಂ ಅಜ್ಜಿ."

"ಒಂಟಿಯಾಗಿ ಎಲ್ಲಿ ಅಲೀತಿದಾಳೋ ಅಂದ್ಕೊಂಡಿದ್ದೆ."

ಕಲ್ಲುಕುಟಿಗ ಬಂದು ಬಾಗಿಲಲ್ಲೇ ನಿಂತ. ಕಲ್ಲಿನ ಪಟ್ಟಿಯಲ್ಲಿ ವಯಸ್ಸಿಗೊಂದು ಖಾನೆಯಿತ್ತು, ಮಗುವಿನದು ಖಾಲಿ. ಟೈಪಕ್ಕ ಕೇಳಲೇಬೇಕಾಯಿತು.

"ವಯಸ್ಸು ಎಷ್ಟು ಹಾಕ್ಲಿ ಅಜ್ಜಿ?"

"ಹನ್ನೆರ..." ಎಂದ ಅಜ್ಜಿ ಅಲ್ಲಿಗೇ ನಿಲ್ಲಿಸಿದಳು. ಕೈಯಲ್ಲಿದ್ದ ಕಾಗದವನ್ನು ನಾಲ್ಕಾಗಿ ಮಡಚಿದಳು.

"ನಾಲ್ಕು," ಎಂದಳು. "ನಾಲ್ಕು ಹಾಕು. ಜಾಗ ಸಾಲುತ್ತಲ್ಲ?"

"ಸಾಲುತ್ತೆ," ಎಂದಳು ಟೈಪಕ್ಕ. ನಾಲ್ಕು ಎಂದು ಹಾಕಿ, ಕೆಳಗೆ ಮತ್ತೇನೂ ಇಲ್ಲವೆಂದು ಗೊತ್ತಿದ್ದರೂ, ಆ ಗೆರೆಯನ್ನು ಇನ್ನೂ ಬೆರಳಗಲ ಕೆಳಕ್ಕೆಳೆದಳು.