ಜವರಣ್ಣನ ಕೈ

ಮಲ್ಲಿಗೆ ಗಿಡ ಒಣಗಿದ್ದು ಜವರಣ್ಣನ ಮಚ್ಚಿನಿಂದಲ್ಲ, ನಾನು ಬುಡಕ್ಕೆ ಸುರಿದ ಹಿಂಡಿಯಿಂದ. ಇಷ್ಟು ಹೇಳುವುದಕ್ಕೆ ನನಗೆ ಎರಡು ವರ್ಷ ಬೇಕಾಯಿತು.

ಹಿರೀಸಾವೆಯ ನಮ್ಮ ಬೀದಿಯಲ್ಲಿ ಶಿವರಾತ್ರಿಗೆ ಮುಂಚೆ ಗಿಡ ಸವರುತ್ತಿದ್ದವನು ಅವನೊಬ್ಬನೇ. ಮಲ್ಲಿಗೆ, ದಾಸವಾಳ, ಸೀಬೆ, ಯಾವುದೇ ಇರಲಿ, ಮಚ್ಚನ್ನು ಬೆನ್ನ ಹಿಂದೆ ಹಿಡಿದುಕೊಂಡು ಮೂರು ಸುತ್ತು ಬರುತ್ತಿದ್ದ. ‘ಮುಂದೆ ಇಡ್ಕಂಡೋದ್ರೆ ಗಿಡ ಎದರ್ಕತ್ತದೆ ಕಣಕ್ಕ’ ಎನ್ನುತ್ತಿದ್ದ. ಕೊಯ್ಯುವಾಗ ಮಾತಿಲ್ಲ. ಕೊಯ್ದ ಕಡೆಗೆಲ್ಲ ಸಗಣಿ ಮೆತ್ತಿ, ಮಚ್ಚು ತೊಳೆದ ಮೇಲೆಯೇ ಕಾಫಿ. ಸಕ್ಕರೆ ಕಡಿಮೆಯಾದರೆ ಲೋಟ ವಾಪಸ್ಸು ಕೊಡುತ್ತಿದ್ದ. ಅಷ್ಟು ಗರ್ವ.

ಮಲ್ಲಿಗೆಯನ್ನಂತೂ ಮೊಣಕಾಲೆತ್ತರಕ್ಕೆ ಬೋಳಿಸಿಬಿಡುತ್ತಿದ್ದ.

‘ಏನಯ್ಯಾ, ಗಿಡ ಉಳಿಸಿದೀಯೋ, ಪೊರಕೆ ಉಳಿಸಿದೀಯೋ?’ ಎಂದು ನಾನು ಬಯ್ಯುತ್ತಿದ್ದೆ.

‘ಈಗ ಬಯ್ಯಿ. ಯುಗಾದಿ ಕಳೀಲಿ, ಹೂ ಕಟ್ಟಾಕೆ ದಾರ ಸಾಲ್ದೆ ನನ್ನೇ ನೆನಸ್ಕತ್ತೀಯ.’

ಪ್ರತಿ ವರ್ಷವೂ ಅವನೇ ಗೆಲ್ಲುತ್ತಿದ್ದ.

ಗಿಡ ಒಣಗಿದ ಆ ವರ್ಷ, ಸವರಿ ಹೋಗುವಾಗ ತಿರುಗಿ ನಿಂತು ಹೇಳಿದ: ‘ಚಿಗುರು ಬೆರಳುದ್ದ ಬರೋಗಂಟ ಬುಡಕ್ಕೆ ಏನೂ ಆಕ್ಬ್ಯಾಡ. ಬಾಣಂತಿಗೆ ಮೊದಲ್ನೇ ದಿನವೇ ಮದ್ವೆ ಊಟ ಬಡಿಸ್ತಾರಾ?’

ಬೋಳು ಗಿಡ ನೋಡಿ ನನಗೆ ತಡೆಯಲಿಲ್ಲ. ಹಸುವಿಗೆ ತಂದಿದ್ದ ಕಡಲೆಕಾಯಿ ಹಿಂಡಿಯನ್ನು ಒಂದು ಮಂಕರಿ ಸುರಿದು, ಮಣ್ಣೆಳೆದು, ನೀರು ಬಿಟ್ಟೆ. ಹಿಂಡಿ ಒಳಗೇ ಕೊಳೆತು, ಕಾವೆದ್ದು, ಬೇರು ಸುಟ್ಟಿತು. ಯುಗಾದಿಗೆ ಗಿಡ ಒಣಕಡ್ಡಿ.

ಎದುರು ಮನೆಯ ಗಿರಿಜಮ್ಮ ಬಂದು ನೋಡಿ, ‘ಜವರಣ್ಣಂಗೆ ವಯಸ್ಸಾಯ್ತು ಬುಡು ಅಜ್ಜಿ, ಕೈ ಕೆಟ್ಟೋಗದೆ’ ಎಂದಳು. ನಾನು ಸುಮ್ಮನಿದ್ದೆ. ಬಯ್ಯುವುದು ನನಗೆ ಗೊತ್ತು. ತಪ್ಪಾಯಿತು ಎನ್ನುವುದು ಗೊತ್ತಿರಲಿಲ್ಲ. ಆ ಮಾತು ಮನೆಮನೆಗೂ ಹೋಯಿತು. ಮರುವರ್ಷ ಯಾರೂ ಅವನನ್ನು ಕರೆಯಲಿಲ್ಲ. ಅವನೂ ಯಾಕೆಂದು ಕೇಳಲಿಲ್ಲ. ಅರಕಲಗೂಡಿಗೆ, ಮಗಳ ಮನೆಗೆ ಹೊರಟುಹೋದ.

ಈ ತಪ್ಪನ್ನು ಹೊತ್ತು ಹೊತ್ತು ಸಾಕಾಗಿ ಈ ಸಲ ಅಲ್ಲಿಗೇ ಹೋದೆ. ಎರಡು ಬಸ್ಸು ಬದಲಿಸುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಮಗಳ ಮನೆ ಮುಂದೆ ದಾಸವಾಳವೊಂದು ಸೂರಿಗೆ ತಾಗಿ ಕಾಡಾಗಿ ಬೆಳೆದಿತ್ತು. ಅದರ ಕೆಳಗೇ ಕುಳಿತಿದ್ದ.

‘ಯಾಕಯ್ಯಾ, ಇದನ್ನ ಸವರಿಲ್ಲ?’

‘ಈ ಕೈ ಮುಟ್ಟುದ್ರೆ ಇದೂ ಓಯ್ತದೆ, ಬುಡು ಕಣಕ್ಕ.’

ಹಿಂಡಿಯ ವಿಷಯ ಇದ್ದದ್ದು ಇದ್ದಂತೆ ಹೇಳಿದೆ. ಅವನು ನಕ್ಕುಬಿಟ್ಟ.

‘ನೀನೂ ಸಮಾಧಾನ ಮಾಡಾಕೆ ಕಲ್ತ್ಕಂಡ್ಯಲ್ಲ! ಬೀದಿಯೋರೆಲ್ಲ ಕಣ್ಣಾರೆ ನೋಡಿ ಯೋಳಿದ್ದು ಸುಳ್ಳಾ?’

‘ನಾನ್ಯಾವತ್ತು ಸಮಾಧಾನ ಮಾಡಿದೀನಯ್ಯಾ?’

‘ಅದ್ಕೇ ನಗು ಬಂದದ್ದು’ ಎಂದ.

ಆಣೆ ಇಟ್ಟರೂ ನಂಬಲಿಲ್ಲ. ಬಸ್ಸಿಗೆ ಹತ್ತಿಸುವಾಗ ನನ್ನ ಚೀಲವನ್ನು ಕೂಡ ಎಡಗೈಯಲ್ಲೇ ಎತ್ತಿಕೊಟ್ಟ. ಮಚ್ಚು ಹಿಡಿಯುತ್ತಿದ್ದ ಬಲಗೈ ಹೆಗಲ ಟವೆಲ್ಲಿನೊಳಗೇ ಇತ್ತು. ಮತ್ತೆ ಅವನನ್ನು ನೋಡಿಲ್ಲ.

ನನ್ನೊಬ್ಬಳ ಮಾತು ಸಾಲದು ಎಂದು ಬಸ್ಸಿನಲ್ಲೇ ಗೊತ್ತಾಯಿತು. ಮಾರನೆಯ ಬೆಳಿಗ್ಗೆ ಹಾಲಿನ ಡೈರಿ ಮುಂದೆ ಎಲ್ಲರೂ ಸಾಲು ನಿಂತಿದ್ದಾಗ ಕ್ಯಾನು ಕೆಳಗಿಟ್ಟು, ಗಿಡ ಕೊಂದವಳು ನಾನೇ ಎಂದು ಹೇಳಿದೆ. ಹೇಳಿ, ಜವರಣ್ಣನ ಮಗಳ ನಂಬರು ಒತ್ತಿ, ಫೋನನ್ನು ಗಿರಿಜಮ್ಮನ ಕೈಗೆ ಕೊಟ್ಟೆ.