ಖಾಲಿಹೊಟ್ಟೆ ಅಕ್ಕ

ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ಇಪ್ಪತ್ತೆರಡು ವರ್ಷ ನಿಂತವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೆ ನೆನಪಿರುತ್ತದೆ? ಕಸ ಗುಡಿಸುವವರಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ಖಾಲಿಹೊಟ್ಟೆ ಅಕ್ಕ. ಮಂಚಕ್ಕೆ ಹಾಳೆ ಹಾಸುವುದು, ಹೊಟ್ಟೆಗೆ ಹಚ್ಚಿದ ಜೆಲ್ ಒರೆಸುವುದು, ವಯಸ್ಸಾದವರಿಗೆ ಚಪ್ಪಲಿ ಹುಡುಕಿಕೊಡುವುದು ಎಲ್ಲ ಅವಳದೇ ಕೆಲಸ. ಆದರೆ ಹೆಸರು ಬಂದದ್ದು ಒಳಗೆ ಬಿಡುವ ಮೊದಲು ಅವಳು ಕೇಳುತ್ತಿದ್ದ ಪ್ರಶ್ನೆಯಿಂದ: "ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ? ಕುಡಿದ್ರಾ?"

ಜನ ಎಂತೆಂಥ ಸುಳ್ಳು ಹೇಳುತ್ತಾರೆ ಅನ್ನುತ್ತೀರಿ! ಏನೂ ಮುಟ್ಟಿಲ್ಲ ಅನ್ನುತ್ತಾರೆ, ಮೀಸೆಯ ಮೇಲೆ ಬಿಸ್ಕತ್ತಿನ ಪುಡಿ ಕೂತಿರುತ್ತದೆ. ಟೀ ಕುಡಿದರೆ ಅದೂ ಒಂದು ತಿಂದ ಲೆಕ್ಕವೇ ಎಂದು ವಾದಕ್ಕೆ ನಿಲ್ಲುತ್ತಾರೆ. ಅಕ್ಕ ರೋಗಿಯ ಬಾಯಿ ನೋಡುತ್ತಿರಲಿಲ್ಲ, ಜೊತೆಗೆ ಬಂದವರ ಮುಖ ನೋಡುತ್ತಿದ್ದಳು. ಕುಡಿದವರಿಗಿಂತ ಕುಡಿಸಿದವರ ಮುಖ ಬೇಗ ಬಾಡುತ್ತದೆ. ಸಿಕ್ಕಿಬಿದ್ದರೆ ಯಾರ ಮುಲಾಜೂ ಇಲ್ಲ, ನಾಳೆ ಬನ್ನಿ ಅಷ್ಟೆ.

ಕಾರಣವಿಲ್ಲದೆ ಅಲ್ಲ. ಪಿತ್ತಕೋಶ ಎಂಬುದು ಯಕೃತ್ತಿನ ಕೆಳಗೆ ಅಂಟಿಕೊಂಡ ಪುಟ್ಟ ಚೀಲ. ಹಸಿದಿರುವಾಗ ಪಿತ್ತ ತುಂಬಿಕೊಂಡು ಸ್ಕ್ಯಾನಿಂಗ್ ತೆರೆಯ ಮೇಲೆ ಕಪ್ಪಗೆ, ಪೇರಳೆಯ ಆಕಾರದಲ್ಲಿ ಕಾಣುತ್ತದೆ. ಹೊಟ್ಟೆಗೆ ಸ್ವಲ್ಪ ಹಾಲು ಬಿತ್ತೋ, ಇದ್ದ ಪಿತ್ತವನ್ನು ನಾಳದ ಮೂಲಕ ಕರುಳಿಗೆ ಹಿಂಡಿ ತಾನು ಮುದುಡಿಕೊಳ್ಳುತ್ತದೆ. ಮುದುಡಿದ ಚೀಲದ ಗೋಡೆ ದಪ್ಪಗೆ ಕಾಣುತ್ತದೆ. ಒಳಗಿನ ಕಲ್ಲು ತಿಳಿಯುವುದಿಲ್ಲ, ಇಲ್ಲದ ರೋಗ ಇದ್ದ ಹಾಗೂ ತೋರಬಹುದು. ಅಕ್ಕ ಇದನ್ನು ಪುಸ್ತಕ ಓದಿ ಕಲಿತವಳಲ್ಲ, ಸ್ಕ್ಯಾನಿಂಗ್ ಮಾಡುವ ಡಾಕ್ಟರಮ್ಮನ ಬೆನ್ನ ಹಿಂದೆ ನಿಂತು ನೋಡಿ ನೋಡಿ ಕಲಿತಿದ್ದಳು.

ಅವಳ ಗಂಡ ಟೈಲರ್. ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ನು, ಕೊರಳಲ್ಲಿ ಸದಾ ಟೇಪು, ಬಾಯಲ್ಲಿ ಸದಾ ತಮಾಷೆ. ಹಸಿವು ಮಾತ್ರ ತಡೆಯದ ಜೀವ. ಊಟ ಹತ್ತು ನಿಮಿಷ ತಡವಾದರೆ ಕೈ ನಡುಗಿ ಸೂಜಿಗೆ ದಾರ ಹೋಗುತ್ತಿರಲಿಲ್ಲ. ಅಂಥವನು ಈಚೆಗೆ ಅರ್ಧ ತಟ್ಟೆಗೇ ಕೈ ತೊಳೆಯತೊಡಗಿದ್ದ. ಕೇಳಿದರೆ ವಯಸ್ಸಾಯಿತಲ್ಲೇ ಎಂದು ನಗುವುದು. ಒಂದು ಭಾನುವಾರ ಒಗೆದ ಬಟ್ಟೆ ಮಡಚುವಾಗ ಅವನ ಪ್ಯಾಂಟಿನ ಸೊಂಟದ ಒಳಮಗ್ಗುಲಲ್ಲಿ ಅಕ್ಕನ ಬೆರಳಿಗೆ ಹೊಲಿಗೆಯೊಂದು ತಗುಲಿತು. ಅದರ ಪಕ್ಕದಲ್ಲಿ ಇನ್ನೊಂದು, ಇನ್ನೂ ಹೊಸದು. ಸೊರಗುತ್ತಿರುವುದು ಹೆಂಡತಿಗೆ ತಿಳಿಯಬಾರದೆಂದು ಮಹಾರಾಯ ತನ್ನ ಪ್ಯಾಂಟನ್ನು ತಾನೇ ಎರಡು ಸಲ ಬಿಗಿ ಮಾಡಿಕೊಂಡಿದ್ದ!

ಊರವರ ಹೊಟ್ಟೆಯೆಲ್ಲ ನೋಡಿದವಳಿಗೆ ಮನೆಯವನ ಹೊಟ್ಟೆ ಕಾಣಲಿಲ್ಲವಲ್ಲ. ಕೂರಿಸಿಕೊಂಡು ಗದರಿದ ಮೇಲೆ ಅವನು ಬಾಯಿಬಿಟ್ಟ. ಮೂರು ತಿಂಗಳಿಂದ ಎಣ್ಣೆಯದೇನಾದರೂ ತಿಂದರೆ ಬಲಪಕ್ಕೆಯ ಕೆಳಗೆ ಹಿಡಿದುಕೊಂಡು ಭುಜದವರೆಗೆ ನೋಯುತ್ತಿತ್ತಂತೆ. ಆ ನೋವಿಗೆ ಹೆದರಿಯೇ ಊಟ ಕಮ್ಮಿ ಮಾಡಿದ್ದಂತೆ. ಇದೇ ಕಥೆ ಹೇಳಿಕೊಂಡು ಬಂದ ಎಷ್ಟೋ ಜನರನ್ನು ಅಕ್ಕ ಕಂಡಿದ್ದಳು. ಹೆಚ್ಚಿನವರಿಗೆ ಕಲ್ಲು ಇರುತ್ತಿತ್ತು. ಕೆಲವರಿಗೆ ಗೆಡ್ಡೆ ಇರುತ್ತಿತ್ತು, ಅವರು ಮತ್ತೆ ಆ ಬಾಗಿಲಿಗೆ ಬಂದದ್ದು ಕಡಿಮೆ.

ಮರುದಿನವೇ ಸ್ಕ್ಯಾನಿಂಗ್ ಗೊತ್ತುಮಾಡಿದಳು. ಬೆಳಿಗ್ಗೆ ಎದ್ದವನು ಮಿಷನ್ನಿನ ಮುಂದೆ ಸುಮ್ಮನೆ ಕೂತಿದ್ದ. ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ನೋಡಿ ಕೈಬಿಟ್ಟ. ಬೆರಳು ನಡುಗುತ್ತಿದ್ದವು. ಅಕ್ಕನಿಗೆ ನೋಡಲಾಗಲಿಲ್ಲ. ಅರ್ಧ ಲೋಟ ಹಾಲು ಬಿಸಿ ಮಾಡಿ ತಂದು ಅವನ ಕೈಗಿಟ್ಟಳು. ಅರ್ಧ ಲೋಟ ತಾನೆ, ಇಷ್ಟಕ್ಕೆ ಏನಾಗುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಇಪ್ಪತ್ತೆರಡು ವರ್ಷದಿಂದ ಊರವರೆಲ್ಲ ಅವಳಿಗೆ ಹೇಳುತ್ತ ಬಂದದ್ದೂ ಇದನ್ನೇ.

ಅವತ್ತು ಡ್ಯೂಟಿಗೆ ನಿಂತ ಕೂಡಲೇ ಒಬ್ಬ ಮುದುಕಪ್ಪನನ್ನು ಒಂದೇ ಒಂದು ಬಿಸ್ಕತ್ತಿಗಾಗಿ ವಾಪಸು ಕಳಿಸಿದ್ದಳು. ಅವನ ಹೆಂಡತಿ ಹೋಗದೆ ಬೆಂಚಿನ ಮೇಲೆ ಕೂತು, ಈ ಹೆಂಗಸಿಗೆ ಎದೆಯಲ್ಲಿ ಕಲ್ಲಿದೆ, ಮೊದಲು ಅದನ್ನು ಸ್ಕ್ಯಾನ್ ಮಾಡಿಸಲಿ ಎಂದು ಎಲ್ಲರಿಗೂ ಕೇಳುವಂತೆ ಗೊಣಗುತ್ತಿದ್ದಳು. ಅಷ್ಟರಲ್ಲಿ ಟೈಲರನ ಸರದಿ ಬಂತು. ಅಕ್ಕನ ಮನೆಯವರನ್ನೂ ಖಾಲಿಹೊಟ್ಟೆಯೇ ಎಂದು ಕೇಳಬೇಕೆ ಎಂದು ಡಾಕ್ಟರಮ್ಮ ನಕ್ಕರು. ಟೈಲರ್ ಗೋಡೆ ನೋಡಿಕೊಂಡು, ಏನೂ ಮುಟ್ಟಿಲ್ಲ ಮೇಡಂ ಅಂದ. ಹೆಂಡತಿಯ ಮರ್ಯಾದೆ ಉಳಿಸಲು ಆಡಿದ ಸುಳ್ಳು ಅದು. ಅಕ್ಕ ಬಗ್ಗಿ ಮಂಚದ ಹಾಳೆ ಸರಿಮಾಡತೊಡಗಿದಳು.

ಡಾಕ್ಟರಮ್ಮನ ನಗು ಸ್ವಲ್ಪ ಹೊತ್ತಿಗೆ ನಿಂತಿತು. ತೆರೆಯ ಮೇಲೆ ಪೇರಳೆ ಇರಲಿಲ್ಲ, ಮುದುಡಿದ ಏನೋ ಒಂದಿತ್ತು. ಗೋಡೆ ದಪ್ಪ, ಅಂಚು ಅಂಕುಡೊಂಕು. ಒಂದೇ ಜಾಗವನ್ನು ಮೂರು ಸಲ ಅಳೆದರು. ಅವರು ಮಾತಿಲ್ಲದೆ ಅಳೆಯುತ್ತಿದ್ದಾರೆ ಅಂದರೆ ಏನರ್ಥ ಎಂದು ಅಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ದೊಡ್ಡ ಆಸ್ಪತ್ರೆಯಲ್ಲೂ ಒಮ್ಮೆ ತೋರಿಸಿಬಿಡಿ ಎಂದಷ್ಟೇ ಅವರು ಮೆಲ್ಲಗೆ ಹೇಳಿದರು.

ಟೈಪಾದ ರಿಪೋರ್ಟನ್ನು ಸಹಿಗೆ ಒಯ್ಯುವುದೂ ಅಕ್ಕನ ಕೆಲಸವೇ. ಗೆಡ್ಡೆಯ ಅನುಮಾನ ಬಂದಾಗ ಬರೆಯುವ ಒಂದು ಪದ ಆ ಕಾಗದದಲ್ಲಿತ್ತು, ಅದನ್ನು ಅವಳು ಚೆನ್ನಾಗಿ ಬಲ್ಲಳು. ಹಾಲಿನ ವಿಷಯ ಹೇಳದಿದ್ದರೆ ಆ ಪದ ಗಂಡನ ಹೆಸರಿನ ಕೆಳಗೆ ಕೂತುಬಿಡುತ್ತದೆ. ಹೇಳಿದರೆ ಹಸಿದು ಕೂತ ಇಷ್ಟು ಜನರ ಮುಂದೆ ಇವಳ ಮಾನ ಹೋಗುತ್ತದೆ. ಹೋದರೆ ಹೋಗಲಿ. ಹೇಳಿದ ಮೇಲೂ ನಾಳೆ ಅದೇ ಕಂಡರೆ? ಆಗ ಹಾಲನ್ನು ದೂರಿ ಧೈರ್ಯ ತಂದುಕೊಳ್ಳುವುದೂ ಇರುವುದಿಲ್ಲವಲ್ಲ ಎಂಬುದೇ ಅವಳ ನಿಜವಾದ ಹೆದರಿಕೆ. ಡಾಕ್ಟರಮ್ಮ ಪೆನ್ನಿನ ಕ್ಯಾಪು ತೆಗೆದರು.

"ಮೇಡಂ, ಸೈನ್ ಹಾಕ್ಬೇಡಿ," ಎಂದಳು ಅಕ್ಕ. "ಬೆಳಿಗ್ಗೆ ಅವ್ರು ಹಾಲು ಕುಡಿದಿದ್ದಾರೆ. ನಾನೇ ಕೊಟ್ಟಿದ್ದು."

ಬಾಗಿಲು ತೆರೆದೇ ಇತ್ತು. ಹೊರಗೆ ಕೂತವರೆಲ್ಲ ಇತ್ತ ತಿರುಗಿದರು. ಡಾಕ್ಟರಮ್ಮ ಬೈಯಲಿಲ್ಲ. ಕಾಗದವನ್ನು ಎರಡಾಗಿ ಹರಿದು, "ಹಾಲಿಂದ ಹೀಗೆ ಕಾಣ್ಬಹುದು ಅಕ್ಕ. ಹಾಲಿಂದಲೇ ಅಂತ ಈಗ ಹೇಳೋಕಾಗಲ್ಲ. ನಾಳೆ ಕರ್ಕೊಂಡು ಬನ್ನಿ," ಎಂದರು. ಅಕ್ಕ ತಲೆ ತಗ್ಗಿಸಿ ಹೊರಗೆ ಬಂದಳು. ಬೆಂಚಿನ ಮೇಲಿದ್ದ ಮುದುಕಪ್ಪನ ಹೆಂಡತಿ ಈಗ ಬಾಯಿಗೆ ಬಂದಂತೆ ಆಡಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವಳು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ತನ್ನವರಿಗೂ ಬಿಸ್ಕತ್ತು ಕೊಟ್ಟಿದ್ದು ತಾನೇ, ಕೊಡದೆ ಇರುವುದು ಹೇಗಮ್ಮ ಎಂದಳು. ಆಗ ಅಕ್ಕನಿಗೆ ಅಳು ಬಂತು.

ಮರುದಿನ ಬೆಳಿಗ್ಗೆ ಟೈಲರ್ ಮಿಷನ್ನಿನ ಹತ್ತಿರ ಹೋಗಲೇ ಇಲ್ಲ. ಖಾಲಿಹೊಟ್ಟೆಯಲ್ಲೇ ಆಸ್ಪತ್ರೆಗೆ ಬಂದು ಸ್ಕ್ಯಾನಿಂಗ್ ಮಂಚದ ಮೇಲೆ ಮಲಗಿ ಅಂಗಿ ಮೇಲೆತ್ತಿದ. ಈ ಸಲ ಅಕ್ಕ ತಾನೇ ಜೆಲ್ ಹಚ್ಚಿದಳು. ತೆರೆಯ ಮೇಲೆ ಕಪ್ಪು ಪೇರಳೆ ಮೂಡಿತು, ದುಂಡಗೆ, ತುಂಬಿಕೊಂಡು. ಗೋಡೆ ತೆಳ್ಳಗೆ ಗೆರೆ ಎಳೆದ ಹಾಗೆ. ಪಿತ್ತನಾಳ ಹಿಗ್ಗಿರಲಿಲ್ಲ. ಆದರೆ ಚೀಲದ ಕತ್ತಿನ ಹತ್ತಿರ ಬೆಳ್ಳಗೆ ಒಂದು ಚುಕ್ಕೆ, ಅದರ ಹಿಂದೆ ಉದ್ದಕ್ಕೆ ಕಪ್ಪು ನೆರಳು. ಕಲ್ಲಾದರೆ ಸಾಮಾನ್ಯವಾಗಿ ಮಗ್ಗುಲು ಬದಲಿಸಿದಾಗ ಜಾಗ ಬಿಡುತ್ತದೆ. ಗೋಡೆಗೆ ಬೆಳೆದದ್ದು ಕದಲುವುದಿಲ್ಲ.

ಎಡಕ್ಕೆ ತಿರುಗಿ ಎಂದರು ಡಾಕ್ಟರಮ್ಮ. ಅವನು ಮೊಣಕೈ ಊರಿ ಮೆಲ್ಲಗೆ ತಿರುಗಿದ. ಚುಕ್ಕೆ ಅಲ್ಲೇ ಇತ್ತು. ಇನ್ನೂ ಸ್ವಲ್ಪ ಎಂದರು. ಅಲ್ಲೇ ಇತ್ತು. ಆಮೇಲೆ ಕತ್ತಿನಿಂದ ಜಾರಿ ಚೀಲದ ತಳಕ್ಕೆ ಹೋಗಿ ಕೂತಿತು.

"ಉರುಳ್ತು," ಎಂದಳು ಅಕ್ಕ. ಇಪ್ಪತ್ತೆರಡು ವರ್ಷದಲ್ಲಿ ಸ್ಕ್ಯಾನಿಂಗ್ ನಡೆಯುವಾಗ ಅವಳು ಬಾಯಿ ತೆರೆದದ್ದು ಅದೇ ಮೊದಲು.

ಡಾಕ್ಟರಮ್ಮ ಇನ್ನೆರಡು ಕಡೆಯಿಂದ ನೋಡಿ, ಕಲ್ಲೇ, ಬೇರೇನೂ ಇಲ್ಲ ಎಂದರು. ಸರ್ಜನ್ ಹತ್ತಿರ ಹೋಗಿ, ಚೀಲ ತೆಗೆಯಬೇಕಾಗಬಹುದು, ಹೆದರುವಂಥದ್ದಲ್ಲ ಎಂದರು. ಅಕ್ಕ ಗಂಡನ ಹೊಟ್ಟೆ ಒರೆಸತೊಡಗಿದಳು. ಜೆಲ್ ಹೋದ ಮೇಲೂ ಒರೆಸುತ್ತಲೇ ಇದ್ದಳು. ಬಟ್ಟೆ ಸವೆದುಹೋಗುತ್ತೆ ಬಿಡೇ ಅಂದ ಟೈಲರ್.

ಅವಳ ಕೈಚೀಲದಲ್ಲಿ ಫ್ಲಾಸ್ಕ್ ಇತ್ತು. ಹೊರಗೆ ಬೆಂಚಿನ ಮೇಲೆ ಕೂತು ಬಿಸಿ ಹಾಲನ್ನು ಮುಚ್ಚಳಕ್ಕೆ ಬಗ್ಗಿಸಿ ಅವನಿಗೆ ಕೊಟ್ಟಳು. ಅವನ ಬೆರಳು ನಿನ್ನೆಗಿಂತ ಹೆಚ್ಚು ನಡುಗುತ್ತಿದ್ದವು. ಆದರೂ ಮುಚ್ಚಳವನ್ನು ಎರಡು ಕೈಯಲ್ಲಿ ಹಿಡಿದು, ಒಂದು ಹನಿ ಚೆಲ್ಲದೆ, ಅವಳ ಬಾಯಿಯ ಹತ್ತಿರ ತಂದ.

"ಮೊದ್ಲು ನೀನು ಕುಡಿ," ಎಂದ. "ನಿನ್ನೆ ಮಧ್ಯಾಹ್ನದಿಂದ ನೀನೂ ಏನೂ ಮುಟ್ಟಿಲ್ಲ. ನಾನು ನೋಡಿದ್ದೀನಿ."